ಷರಾ ಕಾಲಮ್ಮಿನ ಕಾವಲು

ನಮ್ಮ ಬೀದಿಯ ರಕ್ಷಣೆಯ ಭಾರ ನಮ್ಮ ಭಾವನ ಹೆಗಲಿಗೆ ಬಿದ್ದದ್ದು ಅವರ ಜೇಬಿನಲ್ಲಿ ಪೆನ್ನು ಇತ್ತು ಎಂಬ ಒಂದೇ ಕಾರಣಕ್ಕೆ. ಬೇರೆ ಅರ್ಹತೆ ಹುಡುಕಲು ಹೋದವರು ಬರಿಗೈಯಲ್ಲಿ ವಾಪಸಾಗುತ್ತಾರೆ. ಭಾವ ಎಂದರೆ ನನ್ನ ಅಕ್ಕನ ಗಂಡ, ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ರೀಡರ್. ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ಹೋಗಿ, ಗುಂಡಿಯೊಳಗೆ ಬಗ್ಗಿ, ಟಾರ್ಚ್ ಬಿಟ್ಟು, ಮೀಟರಿನ ಅಂಕಿಗಳನ್ನು ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಪುಸ್ತಕಕ್ಕೆ ಇಳಿಸಿದವರು. ಎದುರಿನಿಂದ ಸೈಕಲ್ ಬಂದರೂ ಗೋಡೆಗೆ ಒರಗಿ ನಿಂತು "ಹೋಗಿ, ಹೋಗಿ, ಪರವಾಗಿಲ್ಲ" ಎನ್ನುವವರ ಪೈಕಿ.

ಸಮುದಾಯ ಭವನದಲ್ಲಿ ಪೊಲೀಸರು ಮತ್ತು ನಾಗರಿಕರ ಸಹಭಾಗಿತ್ವದ ಸಭೆ ಎಂದು ಕರಪತ್ರ ಬಂದಿತ್ತು. ಅರವತ್ತು ಜನ ಸೇರಿದ್ದೆವು. ಇನ್ಸ್‌ಪೆಕ್ಟರು ನೀಲಿ ಬಣ್ಣದ ಒಂದು ತಗಡಿನ ಡಬ್ಬಿ ಎತ್ತಿ ತೋರಿಸಿದರು. ಅದರೊಳಗೆ ಒಂದು ದಪ್ಪ ಪುಸ್ತಕ.

"ಇದು ಬೀಟ್ ಪುಸ್ತಕ. ದಿನಾ ಸಂಜೆ ಆರಕ್ಕೆ ಪೇದೆ ನಿಮ್ಮ ಬೀದಿ ಸುತ್ತಿ ಬಂದು ಇದರಲ್ಲಿ ಸಹಿ ಹಾಕ್ತಾರೆ. ಬೀದಿಯವರೊಬ್ರು ಇದನ್ನ ಮನೆ ಗೇಟಿನಲ್ಲಿ ಇಟ್ಕೊಂಡು ಜೋಪಾನ ಮಾಡಿದ್ರೆ ಸಾಕು. ಯಾರು ತಗೋತೀರಾ?"

ಅರವತ್ತು ಜನರೂ ತಲೆ ಎತ್ತಿ ಫ್ಯಾನ್ ಹೇಗೆ ತಿರುಗುತ್ತದೆ ಎಂದು ಅಧ್ಯಯನ ಮಾಡತೊಡಗಿದರು. ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟು, "ಹೋಗ್ಲಿ, ಯಾರ ಹತ್ರನಾದ್ರೂ ಪೆನ್ ಇದೆಯಾ?" ಎಂದರು.

ಭಾವನ ಜೇಬಿನಲ್ಲಿ ಮೂರಿದ್ದವು. ನೀಲಿ, ಕೆಂಪು, ಮತ್ತು ನೀಲಿಯದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು ನೀಲಿ. ಅವರು ಮೂರನ್ನೂ ಹಿಡಿದು ಎದ್ದು ನಿಂತರು. ಕೂರುವಷ್ಟರಲ್ಲಿ ಅವರು ನಮ್ಮ ಬೀದಿಯ ಸಂಚಾಲಕರಾಗಿದ್ದರು, ತೊಡೆಯ ಮೇಲೆ ಡಬ್ಬಿ ಇತ್ತು.

ಡಬ್ಬಿಯನ್ನು ಗೇಟಿಗೆ ಮೊಳೆ ಹೊಡೆದು ಕೂರಿಸಿದ ದಿನ ಬೀದಿಗೆ ಬೀದಿಯೇ ಬಂದು ನೋಡಿ ಹೋಯಿತು. ಎದುರುಮನೆಯ ಹಲ್ಲಿನ ಡಾಕ್ಟರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ಬೀದಿಯಲ್ಲಿ ಯಾರು ನಕ್ಕರೂ ಕಾರಣ ಕೇಳುತ್ತಿದ್ದ ನಿವೃತ್ತ ಹೆಡ್‌ಮೇಷ್ಟ್ರು ಅವತ್ತು ಭಾವನಿಗೆ ತಾವಾಗಿಯೇ ನಮಸ್ಕಾರ ಹೇಳಿದರು. ಪಕ್ಕದ ಮನೆಯ ಟೈಲರಮ್ಮ ಡಬ್ಬಿಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ, "ಸರ್ಕಾರದ್ದು ಅಂದ್ರೆ ತಣ್ಣಗೇ ಇರುತ್ತಪ್ಪ" ಎಂದರು. ಭಾವ ಮಾತ್ರ ಎರಡು ದಿನ ಗೇಟು ತೆರೆಯುವ ಮುಂಚೆ ಅದಕ್ಕೆ "ಕ್ಷಮಿಸಿ" ಎಂದು ಹೇಳಿಯೇ ತೆರೆಯುತ್ತಿದ್ದರು. ಇದಕ್ಕೆ ನಾನೇ ಸಾಕ್ಷಿ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಅದೇ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತೇನೆ.

ನಮ್ಮ ಬೀದಿಗೆ ಬರುತ್ತಿದ್ದ ಪೇದೆಯನ್ನು ಎಲ್ಲರೂ ಎದೆಯ ಮೇಲಿನ ನಂಬರಿನಿಂದಲೇ ಕರೆಯುವುದು, ಮುನ್ನೂರ ಹನ್ನೆರಡು. ಐವತ್ತು ದಾಟಿದ, ಮಂಡಿನೋವಿನ, ಒಳ್ಳೆಯ ಮನುಷ್ಯ. ಮೊದಲ ಸಂಜೆ ಆರೂ ಹತ್ತಕ್ಕೆ ಬಂದರು, ಸಹಿ ಹಾಕಿದರು, ನೀರು ಕುಡಿದರು, ಹೋದರು. ಭಾವ ಪುಸ್ತಕ ತೆರೆದು ನೋಡಿದರು. ತಾರೀಖು ಇತ್ತು, ಸಮಯ ಇತ್ತು, ಪೇದೆಯ ನಂಬರು ಇತ್ತು, ಸಹಿ ಇತ್ತು. ಕೊನೆಯಲ್ಲಿ ಎಲ್ಲಕ್ಕಿಂತ ಅಗಲವಾದ ಒಂದು ಕಾಲಮ್, ತಲೆಯ ಮೇಲೆ 'ಷರಾ' ಎಂದು ಅಚ್ಚಾಗಿತ್ತು. ಹೇಳುವುದೇನಾದರೂ ಇದ್ದರೆ ಬರೆಯಲಿ ಎಂದು ಬಿಟ್ಟ ಜಾಗ. ಅದು ಖಾಲಿ ಇತ್ತು.

ಇಲ್ಲೊಂದು ಇತಿಹಾಸ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಭಾವ ಒಂದೇ ಒಂದು ಮನೆಯ ಮುಂದೆ ಷರಾ ಕಾಲಮ್ ಖಾಲಿ ಬಿಟ್ಟು ಮೆಮೊ ತಿಂದಿದ್ದರು. ಆಮೇಲೆ ಜನ್ಮದಲ್ಲಿ ಯಾವ ಕಾಲಮ್ಮನ್ನೂ ಖಾಲಿ ಬಿಟ್ಟವರಲ್ಲ. ಡಾಕ್ಟರ ಕ್ಲಿನಿಕ್ಕಿನ ಫಾರಮ್ಮಿನಲ್ಲಿ 'ಇತರೆ' ಎಂದಿದ್ದ ಕಡೆ 'ಇತರೆ ಏನೂ ಇಲ್ಲ, ವಿಚಾರಿಸಿದ್ದಕ್ಕೆ ವಂದನೆಗಳು' ಎಂದು ಬರೆದು ಕೊಟ್ಟವರು. ಅಂಥವರ ಗೇಟಿಗೆ ಅಂಥ ಪುಸ್ತಕ ನೇತುಹಾಕಿದ್ದು ಪೊಲೀಸ್ ಇಲಾಖೆಯ ತಪ್ಪು ಎಂದೇ ನನ್ನ ಅಭಿಪ್ರಾಯ.

"ರೀ, ಅದು ಅವ್ರು ಬರ್ಯೋ ಜಾಗ," ಎಂದಳು ಅಕ್ಕ.

"ಅವ್ರು ಬರ್ದಿಲ್ವಲ್ಲೇ. ನಾಳೆ ಯಾರಾದ್ರೂ ಕೇಳಿದ್ರೆ?"

ಮೊದಲ ಷರಾ ಹೀಗಿತ್ತು: 'ಪೇದೆ ಬಂದರು. ನೀರು ಕುಡಿದರು. ಬೀದಿ ಸುರಕ್ಷಿತ. ಡಾಕ್ಟರ ಮನೆಯ ನಾಯಿಗೆ ಸರಪಳಿ ಇಲ್ಲ, ಸ್ವಭಾವ ಸಾಧು.'

ಮರುದಿನ ಮುನ್ನೂರ ಹನ್ನೆರಡು ಅದನ್ನು ಕಂಡರು. ಅವರ ಓದುವ ಕನ್ನಡಕ ಒಡೆದು ಆರು ತಿಂಗಳಾಗಿತ್ತು. "ಮುತ್ತು ಪೋಣಿಸಿದಂಗಿದೆ ಸಾರ್ ಅಕ್ಷರ," ಎಂದು ಕೆಳಗೆ ಸಹಿ ಹಾಕಿ ಹೋದರು. ಇಲಾಖೆಯ ಒಪ್ಪಿಗೆಯೇ ಸಿಕ್ಕಿತೆಂದು ಭಾವ ತಿಳಿದುಕೊಂಡರು.

ಅಲ್ಲಿಂದ ಮುಂದೆ ನಮ್ಮ ಬೀದಿಯಲ್ಲಿ ನಡೆದದ್ದೆಲ್ಲ ಪುಸ್ತಕಕ್ಕೆ ಇಳಿಯಿತು. 'ಸಂಜೆ 5.50. ಡಾಕ್ಟರು ಮಿಠಾಯಿ ಚೀಪುತ್ತಾ ಬಂದರು. ನನಗೂ ಒಂದು ಕೊಟ್ಟರು.' ಬೀದಿಯ ಯಾರ ಬಾಯಿಗೂ ಮಿಠಾಯಿ ಹೋಗದಂತೆ ಹತ್ತು ವರ್ಷದಿಂದ ಹೆದರಿಸಿಟ್ಟ ಮನುಷ್ಯ ಅವರು. 'ಮೇಷ್ಟ್ರು ವಾಕಿಂಗ್ ಹೊರಟರು. ಒಂದು ಸುತ್ತು ನಡೆದು ನಾಲ್ಕು ಸುತ್ತಿನ ಹೊತ್ತು ಮೋರಿಯ ಕಟ್ಟೆಯ ಮೇಲೆ ಕೂತರು.' 'ಟೈಲರಮ್ಮನ ಯಂತ್ರ ಕೆಟ್ಟಿದೆಯೆಂದು ಗಿರಾಕಿಗಳನ್ನು ವಾಪಸ್ ಕಳಿಸಿದರು. ಯಂತ್ರದ ಸದ್ದು ದಿನವಿಡೀ ಇತ್ತು.' ನನ್ನನ್ನೂ ಬಿಡಲಿಲ್ಲ. 'ಭಾವಮೈದ ಎಂದಿಗಿಂತ ಮುಂಚೆ ಮನೆಗೆ ಬಂದ. ಕಾರಣ ಹೇಳಲಿಲ್ಲ.'

ಸುದ್ದಿ ಹಬ್ಬಲು ಎಷ್ಟು ಹೊತ್ತು? ಡಾಕ್ಟರು ಮೊದಲು ಬಂದರು.

"ಸಾರ್, ಆ ಮಿಠಾಯಿ ವಿಚಾರ... ಅದನ್ನ ಕೆಮ್ಮಿನ ಮಾತ್ರೆ ಅಂತ ಮಾಡ್ಬಹುದಾ?"

"ಕೆಮ್ಮು ಇತ್ತಾ ಡಾಕ್ಟ್ರೇ?"

"ಬರೋ ಹಾಗಿತ್ತು."

"ಬಂದ ದಿನ ಬರೀತೀನಿ," ಎಂದರು ಭಾವ, ಬಹಳ ವಿನಯದಿಂದ.

ತಿದ್ದಿಸಲು ಸಾಧ್ಯವಿಲ್ಲ ಎಂದು ಗೊತ್ತಾದ ಮೇಲೆ ಜನ ಒಳ್ಳೆಯದನ್ನು ಬರೆಸಲು ಬರತೊಡಗಿದರು. ಮೇಷ್ಟ್ರು ಒಂದು ತೆರೆದ ಮೋರಿಗೆ ಹಲಗೆ ಮುಚ್ಚಿಸಿ, ಹಲಗೆಯ ಉದ್ದಗಲ ಸಮೇತ ಬರೆಸಿದರು. ಟೈಲರಮ್ಮ ಯಂತ್ರ ರಿಪೇರಿಯಾಯಿತೆಂದು ಘೋಷಿಸಿ ಬಾಕಿ ಇದ್ದ ಬಟ್ಟೆಗಳನ್ನೆಲ್ಲ ಒಂದೇ ವಾರದಲ್ಲಿ ಹೊಲಿದು ಕೊಟ್ಟರು. ಬೀದಿ ದಿನದಿಂದ ದಿನಕ್ಕೆ ಸುಧಾರಿಸುತ್ತಿರುವುದನ್ನು ಕಂಡು ನಾನು ಬೆರಗಾದೆ. ಮೂರು ಕಾಸಿನ ತಗಡಿನ ಡಬ್ಬಿಗೆ ಇಷ್ಟು ಶಕ್ತಿ ಇದೆಯೆಂದು ಯಾರು ತಿಳಿದಿದ್ದರು?

ಹೀಗಿರುವಾಗ ಒಂದು ಸಂಜೆ ಮುನ್ನೂರ ಹನ್ನೆರಡು ಬರಲಿಲ್ಲ. ಭಾವ ಆರರಿಂದ ಏಳರವರೆಗೆ ಡಬ್ಬಿಯ ಮುಚ್ಚಳ ತೆರೆದು ಹಿಡಿದು ನಿಂತರು. ಇಡೀ ಸಾಲು ಖಾಲಿ. ಪೇದೆಯ ಸಹಿಯನ್ನು ತಾವು ಹಾಕುವಂತಿಲ್ಲ, ಹಾಗೆಂದು ಬಿಡುವಂತೆಯೂ ಇಲ್ಲ. ಮಹಡಿಯ ಕಡೆ ಮುಖ ಎತ್ತಿ, "ಬಾರೋ, ಒಂದು ಸುತ್ತು ಹೋಗ್ಬರೋಣ," ಎಂದರು. ಮೀಟರ್ ನೋಡುವ ಟಾರ್ಚ್ ಹಿಡಿದು ಭಾವ ಮುಂದೆ, ಭಾವನನ್ನು ಹಿಡಿದು ನಾನು ಹಿಂದೆ. ಮೂರನೇ ಕ್ರಾಸಿನಲ್ಲಿ ದೀಪ ಇರಲಿಲ್ಲ. ಮೂಲೆಮನೆಯ ನರ್ಸ್ ಆಸ್ಪತ್ರೆಯಿಂದ ಬಂದು ಬಸ್ ಸ್ಟಾಪಿನಲ್ಲಿ ಇಳಿದು, ಆ ಕತ್ತಲೆಯನ್ನು ನೋಡುತ್ತಾ ನಿಂತಿದ್ದರು. ನಮ್ಮನ್ನು ಕಂಡು, "ದಿನಾ ಇಲ್ಲಿ ಯಾರಾದ್ರೂ ಬರ್ಲಿ ಅಂತ ಕಾಯ್ತೀನಿ," ಎಂದರು. ಅವರನ್ನು ಮನೆಯವರೆಗೆ ಬಿಟ್ಟು ಬಂದು ಭಾವ ಬರೆದರು: 'ಪೇದೆ ಬರಲಿಲ್ಲ. ಅವರ ಬದಲು ನಾನು ಮತ್ತು ಭಾವಮೈದ ಸುತ್ತಿದೆವು. ದೀಪ ಇಲ್ಲ. ನರ್ಸಮ್ಮನನ್ನು ಮನೆ ಮುಟ್ಟಿಸಲಾಯಿತು.' ಕೆಳಗೆ ನಮ್ಮಿಬ್ಬರ ಸಹಿ.

ಸುತ್ತಿದವರ ಹೆಸರು ಪೊಲೀಸ್ ಪುಸ್ತಕಕ್ಕೆ ಏರುತ್ತದೆ ಎಂಬ ಸುದ್ದಿ ಬೆಳಗಾಗುವುದರೊಳಗೆ ಬೀದಿ ತುಂಬಿತು. ಮುಂದಿನ ಸಲ ಪೇದೆ ಬರದಿದ್ದಾಗ ಡಾಕ್ಟರು ನಾಯಿ ಸಮೇತ ಸಿದ್ಧರಾಗಿದ್ದರು. ಅದರ ಮುಂದಿನ ಸಲ ಮೇಷ್ಟ್ರು ಸೀಟಿ ತಂದರು. ಟೈಲರಮ್ಮ ಉಳಿದ ಬಿಳಿ ಬಟ್ಟೆಯಲ್ಲಿ ಎಲ್ಲರಿಗೂ ತೋಳಿಗೆ ಕಟ್ಟುವ ಪಟ್ಟಿ ಹೊಲಿದರು. ಕೊನೆಕೊನೆಗೆ ಅಕ್ಕನೂ ಚಪ್ಪಲಿ ಮೆಟ್ಟಿಕೊಂಡು ಹೊರಟಳು. "ಇವ್ರು ದಾರೀಲಿ ಮೀಟರ್ ನೋಡ್ತಾ ನಿಂತ್ಬಿಡ್ತಾರೆ, ಎಳ್ಕೊಂಡ್ ಬರಕ್ಕೆ ಯಾರಾದ್ರೂ ಬೇಕಲ್ಲ," ಎಂಬುದು ಅವಳ ಸಮಜಾಯಿಷಿ.

ಮುನ್ನೂರ ಹನ್ನೆರಡು ಮರುದಿನ ಬಂದವರೇ, ತಪ್ಪಿಸಿಕೊಂಡ ದಿನದ ಸಾಲಿನಲ್ಲಿ ಸಂದು ಹುಡುಕಿ, ಆರು ಗಂಟೆ ಎಂದು ಹಾಕಿ ಸಹಿ ಮಾಡುತ್ತಿದ್ದರು. ಇರುವೆ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಅವರು ಹೋದ ಮೇಲೆ ಭಾವ ಕೆಂಪು ಪೆನ್ನು ತೆಗೆದು ಪಕ್ಕದಲ್ಲಿ ಬರೆಯುತ್ತಿದ್ದರು: 'ಈ ಸಹಿ ಮರುದಿನದ್ದು.' ಮೂರು ತಿಂಗಳಲ್ಲಿ ಹೀಗೆ ಹನ್ನೊಂದು ದಿನ. ಇದರಲ್ಲಿ ಯಾರಿಗಾದರೂ ಕೇಡಾಗಬಹುದು ಎಂಬ ಯೋಚನೆ ಭಾವನ ತಲೆಯ ಹತ್ತಿರವೂ ಸುಳಿಯಲಿಲ್ಲ.

ಆಮೇಲೆ ಕಾಗದ ಬಂತು. ಶನಿವಾರ ಸಂಜೆ ನಾಲ್ಕಕ್ಕೆ ದೊಡ್ಡ ಮೇಡಂ ಬರುತ್ತಾರೆ. ಇನ್ಸ್‌ಪೆಕ್ಟರಿಗೂ ಮೇಲಿನವರು, ಅವರ ಮೇಲಿನವರಿಗೂ ಮೇಲಿನವರು. ಸಮುದಾಯ ಭವನದಲ್ಲಿ ಜನರ ಎದುರಿಗೆ ಹದಿನೈದು ಬೀದಿಗಳ ಪುಸ್ತಕಗಳನ್ನೂ ಪರಿಶೀಲಿಸುತ್ತಾರೆ.

ಶುಕ್ರವಾರ ಸಂಜೆ ಮುನ್ನೂರ ಹನ್ನೆರಡು ಬಂದು ನಾನು ಅಂಗಡಿಯಿಂದ ತಂದಿದ್ದ ಒಂದು ಓದುವ ಕನ್ನಡಕ ಇಸಕೊಂಡರು. "ಒಂದ್ಸಲ ಎಲ್ಲಾ ಸರಿ ಇದೆಯಾ ನೋಡ್ಬಿಡ್ತೀನಿ." ಜಗಲಿಯ ಮೇಲೆ ಕೂತು ಪುಟ ತಿರುಗಿಸಿದರು. ಮೊದಲು ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿದರು. ಆಮೇಲೆ ಟೋಪಿ ತೆಗೆದು ಪಕ್ಕಕ್ಕಿಟ್ಟರು.

"ಸಾರ್, ಏನ್ ಸಾರ್ ಇದು?"

"ನಡೆದಿದ್ದು ಬರ್ದಿದೀನಿ."

"ನಡೀದೇ ಇದ್ದಿದ್ದೂ ಬರ್ದಿದೀರಲ್ಲ ಸಾರ್! ಪೇದೆ ಬರಲಿಲ್ಲ, ಪೇದೆ ಬರಲಿಲ್ಲ, ಹನ್ನೊಂದ್ಸಲ! ಅದರ ಕೆಳಗೇ ನನ್ನ ಸಹಿ ಬೇರೆ." ಅವರ ದನಿ ಇಳಿಯಿತು. "ನಂಗೆ ಎರಡು ಬೀಟ್ ಕೊಟ್ಟಿದಾರೆ ಸಾರ್. ಇದೊಂದು, ರೈಲ್ವೆ ಸೇತುವೆ ಆಚೆ ಇನ್ನೊಂದು. ಎರಡೂ ಕಡೆ ಆರು ಗಂಟೆಗೇ ಇರ್ಬೇಕು. ಈ ಮಂಡಿ ಇಟ್ಕೊಂಡು ಎಲ್ಲಿಗೆ ಅಂತ ಓಡ್ಲಿ? ಸುಳ್ಳು ಸಹಿ ಅಂದ್ರೆ ಸಸ್ಪೆಂಡ್ ಮಾಡ್ತಾರೆ. ಇಪ್ಪತ್ತಾರು ವರ್ಷದ ಸರ್ವಿಸ್. ಮನೇಲಿ ಏನಂತ ಹೇಳ್ಲಿ?"

ಭಾವನ ಮುಖ ಸುಣ್ಣದ ಗೋಡೆಯಾಯಿತು. ಮಾತು ಅಕ್ಕನ ಬಾಯಿಂದ ಬಂತು.

"ಖಾಲಿ ಬಿಡ್ರೀ ಅಂತ ಬಡ್ಕೊಂಡೆ. ಒಬ್ರ ಅನ್ನ ಕಿತ್ಕೊಳ್ಳೋ ತನಕ ಬರೆದ್ರಿ!"

ಅರ್ಧ ಗಂಟೆಯಲ್ಲಿ ಬೀದಿಯ ತಲೆಗಳೆಲ್ಲ ಜಗಲಿಯಲ್ಲಿ ಸೇರಿದವು. ಪೇದೆಯನ್ನು ಉಳಿಸಬೇಕು ಎಂಬುದರಲ್ಲಿ ಎಲ್ಲರೂ ಒಂದೇ. ಉಳಿಸುವ ದಾರಿಯಲ್ಲಿ ಮಾತ್ರ ಒಬ್ಬೊಬ್ಬರು ತಮ್ಮ ತಮ್ಮ ಕಸುಬಿಗೆ ಹೋದರು. "ಆ ಹನ್ನೊಂದು ಪುಟ ಬುಡಸಮೇತ ಕಿತ್ಬಿಡೋಣ, ನೋವೇ ಆಗಲ್ಲ," ಎಂದರು ಡಾಕ್ಟರು. "ಕೀಳೋದ್ಯಾಕೆ? ಹೊಲಿಗೆ ಬಿಚ್ಚಿ, ಪುಟ ತೆಗೆದು, ಅದೇ ತೂತಿನಲ್ಲಿ ಮತ್ತೆ ಹೊಲಿದು ಕೊಡ್ತೀನಿ. ಯಾರಪ್ಪನಿಗೂ ಗೊತ್ತಾಗಲ್ಲ," ಎಂದರು ಟೈಲರಮ್ಮ. ಮೇಷ್ಟ್ರು ಪ್ರತಿಯೊಂದು 'ಬರಲಿಲ್ಲ'ವನ್ನೂ 'ಬಂದರು' ಎಂದು ತಿದ್ದಿ ಪಕ್ಕದಲ್ಲಿ ಸಹಿ ಹಾಕಲು ಸಿದ್ಧರಿದ್ದರು.

ಭಾವ ಪುಸ್ತಕವನ್ನು ಎದೆಗೆ ಅವುಚಿಕೊಂಡರು. "ಪುಟಕ್ಕೆಲ್ಲ ನಂಬರ್ ಇದೆ. ಪ್ರತಿ ಪುಟಕ್ಕೂ ಮೊಹರು ಇದೆ. ಆಗಲ್ಲ."

"ಹಾಗಾದ್ರೆ ನಾಳೆ ಏನ್ಮಾಡ್ತೀರಿ?" ಎಂದಳು ಅಕ್ಕ.

"ನಾನೂ ಬರ್ತೀನಿ," ಎಂದರು ಭಾವ. ಇದು ಉತ್ತರವಾಗಿರಲಿಲ್ಲ. ಮುನ್ನೂರ ಹನ್ನೆರಡು ಟೋಪಿ ಹಾಕಿಕೊಂಡು, ಅವತ್ತಿನ ಸಹಿಯನ್ನು ಮರೆಯದೆ ಹಾಕಿ, ಕುಂಟುತ್ತಾ ಹೋದರು.

ಶನಿವಾರ ಭವನದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೇಜಿನ ಮೇಲೆ ಹದಿನೈದು ಪುಸ್ತಕ. ದೊಡ್ಡ ಮೇಡಂ ಬಂದರು. ಎತ್ತರದ ಆಳಲ್ಲ, ಜೋರು ದನಿಯೂ ಅಲ್ಲ. ಆದರೂ ಅವರು ಒಳಗೆ ಬಂದ ಕೂಡಲೇ ನಮ್ಮ ಇನ್ಸ್‌ಪೆಕ್ಟರು ನಾಲ್ಕು ಅಂಗುಲ ಗಿಡ್ಡವಾದರು. ಹೆಗಲ ಮೇಲೆ ಅಷ್ಟೊಂದು ಹೊಳೆಯುವ ಲೋಹವನ್ನು ನಾನು ಹತ್ತಿರದಿಂದ ಕಂಡದ್ದು ಅದೇ ಮೊದಲು. ಉಸಿರಾಡುವುದೂ ಅವರ ಅಪ್ಪಣೆ ಕೇಳಿ ಮಾಡಬೇಕೇನೋ ಅನ್ನಿಸಿತು.

ಹದಿನಾಲ್ಕು ಪುಸ್ತಕ ಹತ್ತು ನಿಮಿಷದಲ್ಲಿ ಮುಗಿದವು. ಆರು ಗಂಟೆ, ಸಹಿ. ಆರು ಗಂಟೆ, ಸಹಿ. ಷರಾ ಕಾಲಮ್ ಹಾಲಿನ ಹಾಗೆ ಬಿಳಿ. ಹದಿನೈದನೆಯದು ನಮ್ಮದು. ಮೇಡಂ ತೆರೆದರು. ಕನ್ನಡಕ ಹಾಕಿಕೊಂಡರು. ಓದಲು ಕೂತರು.

ಐದು ನಿಮಿಷ. ಹತ್ತು ನಿಮಿಷ. ಇಪ್ಪತ್ತು ನಿಮಿಷಕ್ಕೆ ಮೇಡಂ ಪುಟದಿಂದ ಕಣ್ಣು ತೆಗೆಯದೆ, "ಹಲ್ಲಿನ ಡಾಕ್ಟ್ರು ಯಾರು?" ಎಂದರು.

ಡಾಕ್ಟರು ಎದ್ದರು. ಅವರ ರೋಗಿಗಳೆಲ್ಲ ತಿರುಗಿ ನೋಡಿದರು.

"ಇನ್ನೂ ಮಿಠಾಯಿ ತಿಂತೀರಾ?"

"ಬಿಟ್ಟೆ ಮೇಡಂ. ಪುಸ್ತಕ ಬಂದ ಮೇಲೆ ಬಿಟ್ಟೆ."

ಮೇಡಂ ತಲೆದೂಗಿ ಪುಟ ತಿರುಗಿಸಿದರು. ಅವರ ಬೆರಳು ಒಂದು ಸಾಲಿನಲ್ಲಿ ನಿಂತಿತು. "'ಪೇದೆ ಬರಲಿಲ್ಲ,'" ಎಂದು ಗಟ್ಟಿಯಾಗಿ ಓದಿದರು. "ಇದರ ಪಕ್ಕದಲ್ಲೇ ಪೇದೆ ಸಹಿ ಇದೆ. ಅದರ ಪಕ್ಕದಲ್ಲಿ ಕೆಂಪಕ್ಷರ, 'ಈ ಸಹಿ ಮರುದಿನದ್ದು.' ಮುನ್ನೂರ ಹನ್ನೆರಡು ಯಾರು?"

ಅವರು ಗೋಡೆಯ ಪಕ್ಕದಿಂದ ಮುಂದೆ ಬಂದು ನೆಟ್ಟಗೆ ನಿಂತರು. ಆಗ ಮೂರನೇ ಸಾಲಿನಿಂದ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಮೂರು ಪೆನ್ನು.

"ಮೇಡಂ, ತಪ್ಪು ನಂದು," ಎಂದರು ಭಾವ. ಸೈಕಲ್ಲಿಗೂ ದಾರಿ ಬಿಡುವ ನಮ್ಮ ಭಾವ! "ಆ ಕಾಲಮ್ ಖಾಲಿ ಬಿಡಬಹುದಿತ್ತು. ನಂಗೆ ಬಿಡಕ್ಕಾಗ್ಲಿಲ್ಲ. ಅವ್ರು ಒಳ್ಳೆಯವ್ರು ಮೇಡಂ. ಬರೋ ದಿನ ನಿಜವಾಗ್ಲೂ ಬಂದಿದಾರೆ. ಅದನ್ನೂ ಬರ್ದಿದೀನಿ, ದಯವಿಟ್ಟು ಅದನ್ನೂ ಓದಿ."

"ಓದಿದೀನಿ, ಕೂತ್ಕೊಳ್ಳಿ," ಎಂದರು ಮೇಡಂ. ಭಾವ ಕೂರಲಿಲ್ಲ. ಕೂರಲು ಕಾಲು ಮಡಚಲಿಲ್ಲ ಎಂದು ಆಮೇಲೆ ಹೇಳಿದರು.

ಮೇಡಂ ರಾಶಿಯಿಂದ ಇನ್ನೊಂದು ಪುಸ್ತಕ ಎಳೆದು ಎರಡನ್ನೂ ಪಕ್ಕಪಕ್ಕ ಇಟ್ಟರು. "ಸೇತುವೆ ಆಚೆ ಬೀದಿ. ಅದೇ ದಿನ, ಅದೇ ಆರು ಗಂಟೆ, ಅದೇ ಮುನ್ನೂರ ಹನ್ನೆರಡು. ಒಬ್ಬ ಮನುಷ್ಯ ಎರಡು ಕಡೆ ಹೇಗಿದ್ದ, ಇನ್ಸ್‌ಪೆಕ್ಟ್ರೇ?"

ಇನ್ಸ್‌ಪೆಕ್ಟರು ಇನ್ನೆರಡು ಅಂಗುಲ ಇಳಿದರು. "ಸಿಬ್ಬಂದಿ ಕೊರತೆ ಮೇಡಂ..."

"ಹಾಗಂತ ಯಾವ ಪುಸ್ತಕದಲ್ಲೂ ಬರ್ದಿಲ್ವಲ್ಲ." ಮೇಡಂ ಕನ್ನಡಕ ತೆಗೆದರು. "ಹದಿನಾಲ್ಕು ಪುಸ್ತಕದ ಪ್ರಕಾರ ಪೊಲೀಸ್ರು ಒಂದು ದಿನವೂ ತಪ್ಪಿಸಿಲ್ಲ. ಒಂದೇ ಒಂದರಲ್ಲಿ ತಪ್ಪಿಸಿದಾರೆ. ನಾನು ಆ ಒಂದನ್ನ ಮಾತ್ರ ನಂಬ್ತೀನಿ. ಆ ಹನ್ನೊಂದು ದಿನ ಬೀದಿ ಸುತ್ತಿದವ್ರು ಯಾರ್ಯಾರು ಇಲ್ಲಿದೀರಿ? ಎದ್ದು ನಿಲ್ಲಿ."

ಡಾಕ್ಟರು ನಿಂತೇ ಇದ್ದರು. ಮೇಷ್ಟ್ರು ಎದ್ದರು. ಟೈಲರಮ್ಮ ತೋಳಿನ ಪಟ್ಟಿ ಸರಿಮಾಡಿಕೊಂಡು ಎದ್ದರು. ನಾನು ಎದ್ದೆ. ಅಕ್ಕ ಸೆರಗು ಸುತ್ತಿಕೊಂಡು ಎದ್ದಳು. ಹಿಂದಿನ ಸಾಲಿನಲ್ಲಿ ನರ್ಸ್ ಎದ್ದರು. ಒಂದು ಸಂಜೆ ಬೇರೆ ಯಾರಿಗೋ ಜೊತೆಯಾಗಲು ಅವರೂ ಬಂದಿದ್ದರು. ಕುರ್ಚಿಗಳು ಒಂದೊಂದಾಗಿ ಕಿರುಗುಟ್ಟುತ್ತಲೇ ಇದ್ದವು. ಎಣಿಸಿದರೆ ಇಪ್ಪತ್ತಾರು ಜನ. ಇಷ್ಟೊಂದು ಮಂದಿ ನಮ್ಮ ಬೀದಿಯನ್ನು ಕಾದಿದ್ದೆವೆಂದು ನಮಗೇ ಗೊತ್ತಿರಲಿಲ್ಲ. ಒಬ್ಬರನ್ನೊಬ್ಬರು ಮೊದಲ ಸಲ ಕಂಡವರ ಹಾಗೆ ನೋಡಿಕೊಂಡೆವು.

ಮೇಡಂ ಒಂದು ಕ್ಷಣ ಕೂತೇ ನೋಡಿದರು. ಆಮೇಲೆ ಅವರೂ ಎದ್ದು ನಿಂತರು. ಅವರು ಎದ್ದದ್ದೇ ತಡ, ಇನ್ಸ್‌ಪೆಕ್ಟರು, ಪೇದೆಗಳು, ಹದಿನಾಲ್ಕು ಬೀದಿಯ ಸಂಚಾಲಕರು, ಎಲ್ಲರೂ ದಡಬಡ ಎದ್ದರು. ಇಡೀ ಭವನದಲ್ಲಿ ಕೂತವರು ಒಬ್ಬರೂ ಇಲ್ಲ.

"ಮುನ್ನೂರ ಹನ್ನೆರಡು, ಸುಳ್ಳು ಸಹಿಗೆ ನಿಮಗೊಂದು ಮೆಮೊ ಬರುತ್ತೆ," ಎಂದರು ಮೇಡಂ. ಪೇದೆಯ ಕಣ್ಣು ಮುಚ್ಚಿದವು. "ಸಸ್ಪೆಂಡ್ ಇಲ್ಲ. ನಾಳೆಯಿಂದ ಈ ಬೀಟ್ ಒಂದೇ ನಿಮ್ಮದು. ಸೇತುವೆ ಆಚೆಗೆ ಇನ್ನೊಬ್ರು. ಬರಕ್ಕಾಗದೇ ಇದ್ದ ದಿನ ಬರಲಿಲ್ಲ ಅಂತ ನೀವೇ ಬರೀಬೇಕು. ಮೂರನೇ ಕ್ರಾಸಿನ ದೀಪ ಸೋಮವಾರದೊಳಗೆ ಹತ್ತಬೇಕು, ಇನ್ಸ್‌ಪೆಕ್ಟ್ರೇ."

ಮುನ್ನೂರ ಹನ್ನೆರಡು ಸೆಲ್ಯೂಟ್ ಹೊಡೆದರು. ಹೊಡೆದ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಪಕ್ಕದಲ್ಲಿ ಅಕ್ಕ ಮೂಗು ಸೀಟಿದಳು.

ಮೇಡಂ ಪೆನ್ನಿಗೆ ಕೈ ಚಾಚಿದರು. ಭಾವ ಓಡಿ ಹೋಗಿ ನೀಲಿ ಪೆನ್ನು ಕೊಟ್ಟರು. ಮೇಡಂ ಏನೋ ಬರೆದು, ಸಹಿ ಹಾಕಿ, ಪುಸ್ತಕ ಮುಚ್ಚಲು ಹೊರಟರು. ಭಾವ ಹೋಗಲಿಲ್ಲ. ಬೆವರುತ್ತಾ ಪುಟವನ್ನೇ ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು.

"ರೀ, ಬೇಡ," ಎಂದು ಅಕ್ಕ ಅಲ್ಲಿಂದಲೇ ಪಿಸುಗುಟ್ಟಿದಳು.

"ಮೇಡಂ..." ಎಂದರು ಭಾವ. "ಸಮಯ."

"ಏನು?"

"ಸಮಯದ ಕಾಲಮ್ಮು. ಖಾಲಿ ಇದೆ ಮೇಡಂ."

ಇನ್ಸ್‌ಪೆಕ್ಟರು ಗೋಡೆ ಹಿಡಿದುಕೊಂಡರು. ಮೇಡಂ ಭಾವನನ್ನು ನೋಡಿದರು, ಪುಟ ನೋಡಿದರು, ಕೈಗಡಿಯಾರ ನೋಡಿ 5.10 ಎಂದು ಬರೆದರು. ಭಾವ ಗೋಡೆ ಗಡಿಯಾರ ನೋಡಿದರು.

"ಹದಿಮೂರು, ಮೇಡಂ."

ಮೇಡಂ ಹದಿಮೂರು ಮಾಡಿದರು. ತಿದ್ದಿದ ಕಡೆ ಕಿರುಸಹಿಯನ್ನೂ ಹಾಕಿದರು.

ಆರು ಗಂಟೆಗೆ ಮುನ್ನೂರ ಹನ್ನೆರಡು ನಮ್ಮ ಗೇಟಿಗೆ ಬಂದಾಗ ಇಡೀ ಬೀದಿ ಡಬ್ಬಿಯ ಸುತ್ತ ಮುಗಿಬಿದ್ದಿತ್ತು. ಮೇಡಂ ಬರೆದದ್ದನ್ನು ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದಿದರು: 'ಓದಿದೆ. ಎಲ್ಲರೂ ಹಾಜರು.' ಟೈಲರಮ್ಮ ಆ ಅಕ್ಷರಗಳನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು.

ಅದರ ಕೆಳಗೆ ಇರುವೆ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಇಸಕೊಂಡ ಕನ್ನಡಕ ಹಾಕಿಕೊಂಡಿದ್ದ ಮುನ್ನೂರ ಹನ್ನೆರಡು ಅದನ್ನು ತಾವೇ ಓದಿದರು: 'ದೊಡ್ಡ ಮೇಡಂ ಬಂದರು. ಸಮಯ ಬರೆಯಲು ಮರೆತಿದ್ದರು, ನೆನಪಿಸಲಾಯಿತು. ಸ್ವಭಾವ ಸಾಧು.'